ವೀಸಾ ಬೇಡ ಅಂದರೆ ಏನೂ ಬೇಡ ಅಂತಲ್ಲ

(ಮ್ಯೂನಿಕ್‌ನಲ್ಲಿ ನಡೆದ ನಮ್ಮ ಬಳಗದ ಕೂಟದಲ್ಲಿ ಆಡಿದ ಮಾತು. ಅಂದು ಬರಲಾಗದ ಕೆಲವರು ಕೇಳಿದ್ದರಿಂದ ಬರಹಕ್ಕಿಳಿಸಿದ್ದೇನೆ.)



ಕಳೆದ ಸಲ ಇಲ್ಲಿ ನಿಂತು ಮಾತಾಡಿದವರು ಮಕ್ಕಳ ಕನ್ನಡ ಕಲಿಕೆಯ ಬಗ್ಗೆ ಹೇಳಿದ್ದರು. ಅದು ದೊಡ್ಡ ವಿಷಯ. ನಾನು ಆರಿಸಿಕೊಂಡಿರೋದು ತೀರಾ ಸಣ್ಣದು. ಊರಿಗೆ ರಜೆಗೆ ಹೋದಾಗ ಅಪ್ಪ ಅಮ್ಮನನ್ನು ಕರೆದುಕೊಂಡು ನೇಪಾಳಕ್ಕೋ ಭೂತಾನಕ್ಕೋ ಹೋಗಿಬರೋಣ ಅಂದುಕೊಂಡಾಗ ಏನೇನು ಕಾಗದ ಬೇಕು ಅನ್ನೋದು. ಇದನ್ನೂ ಒಂದು ಭಾಷಣದ ವಿಷಯ ಮಾಡ್ತಾರಾ ಅಂತ ನಗಬೇಡಿ. ಇದೇ ಸಣ್ಣ ವಿಷಯ ಗೊತ್ತಿಲ್ಲದೆ ನಾನು ನನ್ನ ಅಮ್ಮನನ್ನು ದೆಹಲಿಯ ವಿಮಾನ ನಿಲ್ದಾಣದಲ್ಲಿ ರಾತ್ರಿಯಿಡೀ ಕೂರಿಸಿದ್ದೇನೆ. ತಪ್ಪು ಯಾರದ್ದೂ ಅಲ್ಲ, ನನ್ನದೇ.

2019ರ ದಸರಾ ಸಮಯ. ಅಪ್ಪನಿಗೆ ಆಗ 67, ಅಮ್ಮನಿಗೆ 62. ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿಯೇ ಇರಲಿಲ್ಲ. ಜರ್ಮನಿಗೆ ಬನ್ನಿ ಅಂತ ಎಷ್ಟು ಕರೆದರೂ ಅಮ್ಮನದ್ದು ಒಂದೇ ಮಾತು, "ಆ ಚಳಿಗೆ ನಾನು ಬರಲ್ಲ ಕಣೋ." ಆದರೆ ಅಮ್ಮನಿಗೆ ಪಶುಪತಿನಾಥನ ದರ್ಶನದ ಆಸೆ ಬಹಳ ವರ್ಷದ್ದು. ಅಮ್ಮನ ತವರು ಕುಂದಾಪುರದ ಕಡೆ. ಕಠ್ಮಂಡುವಿನ ಆ ದೇವಸ್ಥಾನದಲ್ಲಿ ಮುಖ್ಯ ಪೂಜೆ ಮಾಡುವವರು ನಮ್ಮ ಕಡೆಯ ಭಟ್ಟರು ಅಂತ ಚಿಕ್ಕಂದಿನಲ್ಲಿ ಕೇಳಿದ್ದು ಅವರ ತಲೆಯಲ್ಲಿ ಹಾಗೇ ಉಳಿದಿತ್ತು. ಸರಿ, ನಾನು ಮತ್ತು ನನ್ನ ಹೆಂಡತಿ ಇಲ್ಲಿಂದ ನೇರ ಕಠ್ಮಂಡುವಿಗೆ ಬರೋದು, ಅವರಿಬ್ಬರು ಬೆಂಗಳೂರಿಂದ ದೆಹಲಿ ಮೇಲೆ ಬರೋದು, ಅಲ್ಲಿ ಸೇರೋದು ಅಂತ ಲೆಕ್ಕ ಹಾಕಿದೆ. "ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆಧಾರ್ ಇಟ್ಕೊಳ್ಳಿ ಸಾಕು" ಅಂತ ಫೋನಿನಲ್ಲಿ ಹೇಳಿದ್ದು ನಾನೇ. ಎಷ್ಟು ಧೈರ್ಯವಾಗಿ ಹೇಳಿದ್ದೆ ಅಂದರೆ ಅಪ್ಪ ಎರಡನೇ ಸಲ ಕೇಳಲಿಲ್ಲ.

ಬೆಂಗಳೂರಿಂದ ದೆಹಲಿಗೆ ಆಧಾರ್ ತೋರಿಸಿ ಆರಾಮವಾಗಿ ಹೋದರು. ದೇಶದೊಳಗಿನ ಹಾರಾಟ, ಆಧಾರ್ ಸಾಕು. ದೆಹಲಿಯಲ್ಲಿ ಕಠ್ಮಂಡು ವಿಮಾನದ ಕೌಂಟರಿನಲ್ಲಿ ನಿಂತರು. ನಾವಿನ್ನೂ ಮ್ಯೂನಿಕ್‌ನಿಂದ ಹೊರಟಿರಲಿಲ್ಲ. ಫೋನ್ ಬಂತು. ಅಪ್ಪ ಹೇಳಿದ್ದು ಇಷ್ಟು: "ನನ್ನನ್ನ ಬಿಡ್ತಾರಂತೆ. ನಿಮ್ಮಮ್ಮನ್ನ ಬಿಡಲ್ವಂತೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಇಬ್ಬರ ಹತ್ತಿರವೂ ಇರೋದು ಒಂದೇ ಥರದ ಕಾರ್ಡು. ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಇಲ್ಲ ಅಂದರೆ ಏನು? ಕೌಂಟರಿನಲ್ಲಿದ್ದ ಹುಡುಗಿಯ ಜೊತೆ ಫೋನಿನಲ್ಲೇ ಜಗಳ ಆಡಿದೆ. ಪಾಪ, ಅವಳು ಹೇಳಿದ್ದು ಅಕ್ಷರಶಃ ಸರಿಯಿತ್ತು.

ನಿಯಮ ಹೀಗಿದೆ. ಭಾರತದ ಪ್ರಜೆ ನೇಪಾಳಕ್ಕೆ ಅಥವಾ ಭೂತಾನಕ್ಕೆ ಹೋಗಬೇಕಾದರೆ ವೀಸಾ ಬೇಡ. ಆದರೆ ಎರಡರಲ್ಲಿ ಒಂದು ದಾಖಲೆ ಬೇಕೇ ಬೇಕು: ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ. ಅದೂ ಮೂಲ ಚೀಟಿ, ಜೆರಾಕ್ಸ್ ಅಲ್ಲ. 65 ದಾಟಿದವರಿಗೂ 15ಕ್ಕಿಂತ ಚಿಕ್ಕವರಿಗೂ ಇದರಲ್ಲಿ ಸಡಿಲಿಕೆ ಇದೆ. ಅವರು ಫೋಟೋ ಇರುವ ಪ್ಯಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್, ರೇಷನ್ ಕಾರ್ಡಿನಂಥದ್ದು ಏನಾದರೂ ತೋರಿಸಬಹುದು. ಈ ಪಟ್ಟಿಗೆ ಆಧಾರ್ ಸೇರಿದ್ದು 2019ರ ಜನವರಿಯಲ್ಲಿ. ಗೃಹ ಸಚಿವಾಲಯ ಅದನ್ನು ಪ್ರಕಟಿಸಿದಾಗ ಪತ್ರಿಕೆಗಳಲ್ಲಿ "ನೇಪಾಳ, ಭೂತಾನಕ್ಕೆ ಆಧಾರ್ ಸಾಕು" ಅಂತ ತಲೆಬರಹ ಬಂತು. ನಾನು ಓದಿದ್ದು ಆ ತಲೆಬರಹ ಮಾತ್ರ. ಕೆಳಗೆ ವಯಸ್ಸಿನ ಮಾತು ಇದ್ದದ್ದನ್ನು ಓದಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನು, ದಿನಾ ಬೇರೆಯವರಿಗೆ "ಡಾಕ್ಯುಮೆಂಟೇಷನ್ ಪೂರ್ತಿ ಓದ್ರೀ" ಅಂತ ಬೈಯುವವನು!

ಹಾಗಾಗಿ 67ರ ಅಪ್ಪ ಆಧಾರ್ ಹಿಡಿದು ಹೋಗಬಹುದಿತ್ತು. 62ರ ಅಮ್ಮ ಹೋಗುವ ಹಾಗಿರಲಿಲ್ಲ.

ಇನ್ನೂ ಒಂದು ಇದೆ ಕೇಳಿ, ಹೊಟ್ಟೆ ಉರಿಯೋದು ಇಲ್ಲಿ. ಒಂದೇ ಕುಟುಂಬದವರು, ಅಂದರೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ತಂದೆ ತಾಯಿ, ಒಟ್ಟಿಗೆ ಹೋಗುವಾಗ ಎಲ್ಲರ ಹತ್ತಿರವೂ ಪಾಸ್‌ಪೋರ್ಟೋ ಮತದಾರರ ಚೀಟಿಯೋ ಇರಲೇಬೇಕು ಅಂತಿಲ್ಲ. ದೊಡ್ಡವರಲ್ಲಿ ಒಬ್ಬರ ಹತ್ತಿರ ಇದ್ದರೆ, ಉಳಿದವರು ಫೋಟೋ ಇರುವ ಬೇರೆ ಗುರುತು ಮತ್ತು ತಾವು ಒಂದೇ ಮನೆಯವರು ಅಂತ ತೋರಿಸುವ ಕಾಗದ ಕೊಟ್ಟರೆ ಆಯಿತು. ಅಪ್ಪನ ಮತದಾರರ ಚೀಟಿ ಹಾಸನದ ಮನೆಯ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ, ಭದ್ರವಾಗಿ ಇತ್ತು. ರೇಷನ್ ಕಾರ್ಡು ಅದರ ಪಕ್ಕದಲ್ಲೇ. ಅವೆರಡನ್ನು ತಂದಿದ್ದರೆ ಅಮ್ಮ ಅಂದು ವಿಮಾನ ಹತ್ತುತ್ತಿದ್ದರು. ಅಥವಾ ನಾನು ಜಾಣತನ ತೋರಿಸದೆ ಮೊದಲು ಬೆಂಗಳೂರಿಗೆ ಹೋಗಿ, ಅವರ ಜೊತೆಗೇ ನನ್ನ ಪಾಸ್‌ಪೋರ್ಟ್ ಹಿಡಿದು ಹೊರಟಿದ್ದರೂ ದಾರಿ ಇತ್ತು.

ಅಪ್ಪ ಒಬ್ಬರೇ ಹೋಗಲಿಲ್ಲ. ಕಠ್ಮಂಡು ಟಿಕೆಟಿನ ದುಡ್ಡು ಹೋಯಿತು. ನಿಲ್ದಾಣದ ಹೊರಗೆ ಟ್ಯಾಕ್ಸಿಯವನೊಬ್ಬ, "ಗೋರಖಪುರಕ್ಕೆ ರೈಲು ಹಿಡೀರಿ, ಸುನೌಲಿಯಲ್ಲಿ ನಡ್ಕೊಂಡು ದಾಟಿ, ಯಾರೂ ಕೇಳಲ್ಲ" ಅಂದನಂತೆ. ಅಪ್ಪನಿಗೆ ಮನಸ್ಸಾಗಿತ್ತು. ನಾನು ಬೇಡ ಅಂದೆ. ಯಾರೂ ಕೇಳದೆ ಹೋಗಬಹುದು, ಆದರೆ ಕೇಳಿದರೆ? ನಿಯಮ ಭೂದಾರಿಗೂ ಅದೇ. ವಾಪಸು ಬರುವಾಗ ಕೇಳಿದರೆ ಇನ್ನೂ ಕಷ್ಟ. ಬೆಳಗಿನ ವಿಮಾನದಲ್ಲಿ ಅವರು ಬೆಂಗಳೂರಿಗೆ ವಾಪಸಾದರು. ನಾವಿಬ್ಬರು ಕಠ್ಮಂಡುವಿನಲ್ಲಿ ಮೂರು ದಿನ ಕಳೆದು ಊರಿಗೆ ಹೋದೆವು. ಅಮ್ಮ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು.

ಆಮೇಲೆ ನಾನು ಮಾಡಿದ ಕೆಲಸ ಅಂದರೆ ಇದು ಯಾಕೆ ಹೀಗಿದೆ ಅಂತ ಕೆದಕಿದ್ದು. ಅದನ್ನು ನಿಮ್ಮ ಮುಂದೆ ಇಡ್ತೀನಿ.

ಭಾರತ ಮತ್ತು ನೇಪಾಳದ ನಡುವೆ 1,700 ಕಿಲೋಮೀಟರಿಗೂ ಉದ್ದದ ಗಡಿ ಇದೆ. ಎರಡು ಕಡೆಯ ಜನ ಅದನ್ನು ದಾಟಿ ಮದುವೆ, ಸಂತೆ, ಕೂಲಿ, ಆಸ್ಪತ್ರೆ ಅಂತ ಓಡಾಡಿಕೊಂಡೇ ಇದ್ದಾರೆ. ಇದಕ್ಕೆ ಈಗಿನ ಕಾನೂನಿನ ಆಧಾರ 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಸಹಿಯಾದ ಶಾಂತಿ ಮತ್ತು ಸ್ನೇಹ ಒಪ್ಪಂದ. ಅದರ 7ನೇ ಕಲಮು ಒಂದು ದೇಶದ ಪ್ರಜೆಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಓಡಾಟ ಇವುಗಳಲ್ಲಿ ಪರಸ್ಪರ ಸಮಾನ ಸವಲತ್ತು ಕೊಡುವ ಮಾತಾಡುತ್ತದೆ. ಪಾಸ್‌ಪೋರ್ಟ್ ಬೇಡ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ ಅನ್ನೋದು ನನಗೆ ಹೊಸ ವಿಷಯ. ಓಡಾಟದ ಸವಲತ್ತು ಅಂದಿದೆ, ಅಷ್ಟೇ. ಉಳಿದದ್ದೆಲ್ಲ ರೂಢಿ ಮತ್ತು ಆಮೇಲಿನ ಸರ್ಕಾರಿ ಆದೇಶಗಳು. ಒಪ್ಪಂದದಲ್ಲಿ ಬರೆದದ್ದೆಲ್ಲ ನಡೆಯುತ್ತದೆ ಅಂತಲೂ ಅಲ್ಲ. ಆಸ್ತಿಯ ಮಾತು ಇದ್ದರೂ ನೇಪಾಳದಲ್ಲಿ ಭಾರತೀಯ ಹೋಗಿ ಜಮೀನು ಕೊಳ್ಳೋಕೆ ಆಗಲ್ಲ.

ಹಾಗೆ ನೋಡಿದರೆ 1999ರವರೆಗೆ ವಿಮಾನದಲ್ಲೂ ಗುರುತಿನ ಕಾಟ ಅಷ್ಟಿರಲಿಲ್ಲ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ 814 ವಿಮಾನವನ್ನು ಅಪಹರಿಸಿದ್ದು ನಿಮಗೆಲ್ಲ ನೆನಪಿರುತ್ತದೆ. ಅಮೃತಸರ, ಲಾಹೋರ್, ದುಬೈ ದಾಟಿ ಕಂದಹಾರಕ್ಕೆ ಒಯ್ದರು, ಡಿಸೆಂಬರ್ 31ಕ್ಕೆ ಬಿಡುಗಡೆ ಆಯಿತು. ನಾನಾಗ ಹೈಸ್ಕೂಲು. ಟಿವಿ ಮುಂದೆ ಮನೆಯವರೆಲ್ಲ ಕೂತಿದ್ದು ಇನ್ನೂ ಕಣ್ಣಮುಂದಿದೆ. ಅದಾದ ಮೇಲೆ, 2000ದ ಅಕ್ಟೋಬರ್ 1ರಿಂದ, ಎರಡು ದೇಶಗಳ ನಡುವೆ ವಿಮಾನದಲ್ಲಿ ಹೋಗುವ ಭಾರತೀಯರೂ ನೇಪಾಳಿಗರೂ ಗುರುತಿನ ದಾಖಲೆ ತೋರಿಸಲೇಬೇಕು ಅಂತಾಯಿತು. 2001ರಿಂದ ಗಡಿಯಲ್ಲಿ ಸಶಸ್ತ್ರ ಸೀಮಾ ಬಲ ಕಾವಲಿಗೆ ನಿಂತಿತು. ಅಂದರೆ ಗಡಿ ತೆರೆದೇ ಇದೆ, ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ.

ಇದನ್ನು ನಮ್ಮ ಕಸುಬಿನ ಮಾತಿನಲ್ಲಿ ಹೇಳಿದರೆ ನಿಮಗೆ ಬೇಗ ಹಿಡಿಸುತ್ತದೆ. ಯಾವುದೇ ಸಿಸ್ಟಮ್‌ನಲ್ಲಿ ಎರಡು ಪ್ರಶ್ನೆ ಇರುತ್ತವೆ. ನೀನು ಯಾರು? ನಿನಗೆ ಇದನ್ನು ಮಾಡಲು ಅನುಮತಿ ಇದೆಯಾ? ವೀಸಾ ಎರಡನೇ ಪ್ರಶ್ನೆಗೆ ಉತ್ತರ. ನೇಪಾಳದ ವಿಷಯದಲ್ಲಿ ಭಾರತದ ಪ್ರಜೆಗಳಿಗೆಲ್ಲ ಆ ಅನುಮತಿ ಮೊದಲೇ ಸಿಕ್ಕಿದೆ, ಕೇಳಬೇಕಾಗಿಲ್ಲ. ಆದರೆ ಮೊದಲನೇ ಪ್ರಶ್ನೆ ಎಲ್ಲಿ ಹೋಯಿತು? ನೀನು ಆ ಗುಂಪಿಗೆ ಸೇರಿದವನು, ಅಂದರೆ ಭಾರತದ ಪ್ರಜೆ, ಅಂತ ತೋರಿಸಲೇಬೇಕಲ್ಲ. ಲಾಗಿನ್ ಆಗದೆ ಅಡ್ಮಿನ್ ಹಕ್ಕು ಎಷ್ಟಿದ್ದರೇನು.

ಆಧಾರ್ ಯಾಕೆ ಸಾಲದು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಆಧಾರ್ ಕೊಡೋದು ನಿವಾಸಿಗಳಿಗೆ, ಪ್ರಜೆಗಳಿಗೆ ಅಂತಲ್ಲ. ಭಾರತದಲ್ಲಿ 182 ದಿನ ವಾಸವಿದ್ದ ವಿದೇಶಿಯೂ ಆಧಾರ್ ಪಡೆಯಬಹುದು. 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್, ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲ ಅಂತಲೇ ಹೇಳುತ್ತದೆ. ಮತದಾರರ ಪಟ್ಟಿಗೆ ಸೇರಬೇಕಾದರೆ ಮಾತ್ರ ಪ್ರಜೆಯಾಗಿರಬೇಕು, ಅದು ಸಂವಿಧಾನದ 326ನೇ ವಿಧಿಯ ಮಾತು. ಹಾಗಾಗಿ ಓಟಿನ ಚೀಟಿಗೆ ಪಾಸ್‌ಪೋರ್ಟಿನ ಪಕ್ಕ ಜಾಗ ಸಿಕ್ಕಿದೆ. ತರ್ಕ ಸರಿಯಾಗಿದೆ. ಆದರೆ ಅದೇ ತರ್ಕ 65 ದಾಟಿದ ಕೂಡಲೇ ಎಲ್ಲಿ ಮಾಯವಾಗುತ್ತದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ವಯಸ್ಸಾದವರಿಗೆ ತೊಂದರೆ ಆಗದಿರಲಿ ಅನ್ನೋ ಕನಿಕರ ಇರಬಹುದು. ಕನಿಕರ ತೋರಿಸೋದಾದರೆ 62ಕ್ಕೇ ತೋರಿಸಬಹುದಿತ್ತು ಅಂತ ನಮ್ಮಮ್ಮನ ವಾದ.

ಮುಂದಿನ ಮಾತು ಇಲ್ಲಿ ಕೂತಿರುವ ನಮ್ಮೆಲ್ಲರದ್ದು, ಗಮನವಿಟ್ಟು ಕೇಳಿ.

ನಾವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ದುಡಿಯುವವರು. ಇಲ್ಲಿಂದ ನೇರ ಕಠ್ಮಂಡುವಿಗೆ ಹೋದರೆ ಪಾಸ್‌ಪೋರ್ಟ್ ಕಡ್ಡಾಯ. ಓಟಿನ ಚೀಟಿಯ ಸವಲತ್ತು ಇರೋದು ಭಾರತ ಮತ್ತು ನೇಪಾಳದ ನಡುವಿನ ಓಡಾಟಕ್ಕೆ ಮಾತ್ರ. ಅದು ಹೇಗೂ ನಮ್ಮಲ್ಲಿರುತ್ತದೆ, ತೊಂದರೆಯಿಲ್ಲ. ತೊಂದರೆ ಇರೋದು ಉಲ್ಟಾ ದಾರಿಯಲ್ಲಿ. ಭಾರತದಿಂದ ನೇಪಾಳಕ್ಕೆ ಹೋಗಿ, ಅಲ್ಲಿಂದ ಮೂರನೇ ದೇಶಕ್ಕೆ ಹಾರುವ ಭಾರತೀಯರಿಗೆ ಕಠ್ಮಂಡುವಿನ ಭಾರತದ ರಾಯಭಾರ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು ಅನ್ನುವ ಪದ್ಧತಿ ಇದೆ. 2021ರ ಏಪ್ರಿಲ್‌ನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಕೋವಿಡ್ ಕಾರಣಕ್ಕೆ ಸೌದಿ ಮೊದಲಾದ ಕೊಲ್ಲಿ ದೇಶಗಳು ಭಾರತದಿಂದ ನೇರ ಬರುವವರನ್ನು ಬಿಡುತ್ತಿರಲಿಲ್ಲ. ರಜೆಗೆ ಬಂದು ಸಿಕ್ಕಿಕೊಂಡವರು ಸಾವಿರಾರು ಜನ ನೇಪಾಳಕ್ಕೆ ಹೋಗಿ, ಅಲ್ಲಿ ಎರಡು ವಾರ ಕಳೆದು ಹಾರುವ ದಾರಿ ಹಿಡಿದರು. ಆ ಗದ್ದಲಕ್ಕೆ ರಾಯಭಾರ ಕಚೇರಿ ಪತ್ರದ ಷರತ್ತನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಆದರೆ ಅದೇ ತಿಂಗಳ ಕೊನೆಯಲ್ಲಿ ನೇಪಾಳವೇ, ನಮ್ಮ ದೇಶವನ್ನು ಮೆಟ್ಟಿಲು ಮಾಡಿಕೊಳ್ಳಬೇಡಿ ಅಂತ ತಡೆ ಹಾಕಿತು. ಮಂಗಳೂರು, ಉಡುಪಿ ಕಡೆಯಿಂದ ಕೊಲ್ಲಿಗೆ ಹೋದ ನಮ್ಮವರು ಎಷ್ಟು ಜನ ಅಂತ ನಿಮಗೆ ಗೊತ್ತಿದೆ. ನನ್ನ ಸೋದರಮಾವನ ಮಗ ಆ ಹೊತ್ತಿನಲ್ಲಿ ದಮ್ಮಾಮ್‌ನ ಕೆಲಸ ಉಳಿಸಿಕೊಳ್ಳೋಕೆ ಈ ದಾರಿಯನ್ನೇ ಯೋಚಿಸಿದ್ದ. ಟಿಕೆಟ್ ಕೊಳ್ಳುವ ಮುಂಚೆ ತಡೆ ಬಂದದ್ದು ಅವನ ಪುಣ್ಯ.

ಇನ್ನು ಓಸಿಐ ಕಾರ್ಡಿನವರು. ಇಲ್ಲಿ ಬಹಳ ಜನ ಎಡವುತ್ತಾರೆ. ಓಸಿಐ ಭಾರತಕ್ಕೆ ಬರೋಕೆ, ಇರೋಕೆ ಕೊಟ್ಟ ಸೌಲಭ್ಯ. ನೇಪಾಳದ ಕಣ್ಣಿಗೆ ನೀವು ಜರ್ಮನ್, ಅಮೆರಿಕನ್, ಆಸ್ಟ್ರೇಲಿಯನ್, ಅಷ್ಟೇ. ಹೆಸರು ಮಂಜುನಾಥ ಅಂತಿದ್ದರೂ, ಹಣೆಯಲ್ಲಿ ವಿಭೂತಿ ಇದ್ದರೂ ವೀಸಾ ಬೇಕು. ಕಠ್ಮಂಡುವಿನಲ್ಲಿ ಇಳಿದ ಮೇಲೆ ಸಿಗುತ್ತದೆ, 15 ದಿನಕ್ಕೆ 30 ಡಾಲರ್. ದುಡ್ಡಿನ ಮಟ್ಟಿಗೆ ದೊಡ್ಡದಲ್ಲ. ಭೂದಾರಿಯಲ್ಲಿ ಮಾತ್ರ ಜಾಗ್ರತೆ. ಸುನೌಲಿಯಂಥ ಗಡಿಯಲ್ಲಿ ಜನ, ಸೈಕಲ್ ರಿಕ್ಷಾ, ಲಾರಿ ಎಲ್ಲ ಒಂದು ಕಮಾನಿನ ಕೆಳಗೆ ಹರಿದು ಹೋಗುತ್ತಿರುತ್ತವೆ. ನಮ್ಮ ಮುಖ ನೋಡಿ ಯಾರೂ ತಡೆಯಲ್ಲ. ವಿದೇಶಿ ಪಾಸ್‌ಪೋರ್ಟಿನವರು ಮಾತ್ರ ಪಕ್ಕದ ವಲಸೆ ಕಚೇರಿಗಳನ್ನು ತಾವೇ ಹುಡುಕಿಕೊಂಡು ಹೋಗಿ ಭಾರತದ ನಿರ್ಗಮನ ಮುದ್ರೆ, ನೇಪಾಳದ ಪ್ರವೇಶ ಮುದ್ರೆ ಎರಡೂ ಹಾಕಿಸಿಕೊಳ್ಳಬೇಕು. ನನ್ನ ಗೆಳೆಯನೊಬ್ಬ, ಈಗ ಅಮೆರಿಕದ ಪ್ರಜೆ, ಭಾವನ ಕುಟುಂಬದ ಜೊತೆ ಲುಂಬಿನಿಗೆ ಹೋಗುವಾಗ ಹಾಗೇ ಜೀಪಿನಲ್ಲಿ ದಾಟಿಬಿಟ್ಟ. ಕಠ್ಮಂಡುವಿನಿಂದ ಹಾರುವ ದಿನ ಪ್ರವೇಶದ ಮುದ್ರೆ ಎಲ್ಲಿ ಅಂತ ಕೇಳಿದರು. ಅಂದಿನ ವಿಮಾನ ತಪ್ಪಿತು, ಎರಡು ದಿನ ಕಚೇರಿ ಕಚೇರಿ ಅಲೆದ. ಅವನ ಭಾವನಿಗೆ ಯಾರೂ ಏನೂ ಕೇಳಲಿಲ್ಲ.

ಭೂತಾನ ಬೇಗ ಮುಗಿಸ್ತೀನಿ. ಅಲ್ಲೂ ಭಾರತದವರಿಗೆ ವೀಸಾ ಇಲ್ಲ, ಪಾಸ್‌ಪೋರ್ಟ್ ಅಥವಾ ಓಟಿನ ಚೀಟಿ ತೋರಿಸಿ ಪರವಾನಗಿ ಪಡೆಯಬೇಕು. ಮೊದಲು ಪುಕ್ಕಟೆ ಇತ್ತು. 2020ರಲ್ಲಿ ಮಾಡಿದ ಕಾನೂನಿನಿಂದ ಭಾರತೀಯರಿಗೂ ರಾತ್ರಿಗೆ 1,200 ರೂಪಾಯಿ ಶುಲ್ಕ ಬಂತು. ಬೇರೆ ದೇಶದವರಿಗೆ 2022ರಲ್ಲಿ 200 ಡಾಲರ್ ಮಾಡಿ, 2023ರ ಸೆಪ್ಟೆಂಬರ್‌ನಲ್ಲಿ 100ಕ್ಕೆ ಇಳಿಸಿದರು. ಓಸಿಐ ಕುಟುಂಬ ನಾಲ್ಕು ಜನ ಐದು ರಾತ್ರಿ ಅಂದರೆ ಲೆಕ್ಕ ನೀವೇ ಹಾಕಿ. ಅದರಲ್ಲಿ ನಮ್ಮ ಕರಾವಳಿ ಪೂರ್ತಿ ಸುತ್ತಿ, ಊಟಕ್ಕೂ ಉಳಿಯುತ್ತದೆ.

ನೀವು ಕೇಳಬಹುದು, ಇದೆಲ್ಲ ನಮ್ಮ ಕಡೆಯ ಅವ್ಯವಸ್ಥೆ, ಇಲ್ಲಿ ಯೂರೋಪಿನಲ್ಲಿ ಹೀಗಿಲ್ಲ ಅಂತ. ಹೌದಾ? ಇಲ್ಲಿಂದ ಸಾಲ್ಜ್‌ಬರ್ಗ್‌ಗೆ ಎರಡು ಗಂಟೆಯೊಳಗೆ ರೈಲು. ಶೆಂಗೆನ್ ಒಪ್ಪಂದ 1985ರಷ್ಟು ಹಳೆಯದು, ಗಡಿ ತಪಾಸಣೆ ಎತ್ತಿದ್ದು 1995ರಲ್ಲಿ ಶುರುವಾಯಿತು. ಆದರೆ ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ ತಪಾಸಣೆಯನ್ನು 2015ರ ಸೆಪ್ಟೆಂಬರ್‌ನಲ್ಲಿ ಮತ್ತೆ ತಂದಿತು, 2024ರ ಸೆಪ್ಟೆಂಬರ್ 16ರಿಂದ ಎಲ್ಲ ನೆಲಗಡಿಗಳಿಗೂ ಹರಡಿತು. ಫ್ರೈಲಾಸಿಂಗ್‌ನಲ್ಲಿ ಪೊಲೀಸರು ರೈಲು ಹತ್ತಿ ಬರೋದನ್ನು ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ. ನಮ್ಮ ಬಳಗದ ಹೊಸ ಹುಡುಗನೊಬ್ಬ ವಾಸದ ಕಾರ್ಡು ಮಾತ್ರ ಜೇಬಿನಲ್ಲಿಟ್ಟುಕೊಂಡು, ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಿದ್ದ. ಇಳಿಸಿ ಒಂದು ಗಂಟೆ ಕೂರಿಸಿದರು. ಬೇರೆ ಶೆಂಗೆನ್ ದೇಶಕ್ಕೆ ಹೋಗುವಾಗ ನಮ್ಮಂಥವರ ಹತ್ತಿರ ಎರಡೂ ಇರಬೇಕು, ಕಾರ್ಡು ಮತ್ತು ಪಾಸ್‌ಪೋರ್ಟ್. ಡಬ್ಲಿನ್‌ನಲ್ಲಿರುವ ಕನ್ನಡಿಗರ ಪಾಡು ಇನ್ನೂ ಚೆನ್ನಾಗಿದೆ. ಬ್ರಿಟನ್ ಮತ್ತು ಐರ್ಲೆಂಡಿನ ಪ್ರಜೆಗಳು ಪರಸ್ಪರ ಓಡಾಡಲು ಪಾಸ್‌ಪೋರ್ಟೂ ಬೇಡ ಅನ್ನುವ ವ್ಯವಸ್ಥೆ 1920ರ ದಶಕದಿಂದ ಇದೆ. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಬಸ್ಸಿನಲ್ಲಿ ಹೋದರೆ ಗಡಿ ಯಾವಾಗ ದಾಟಿತು ಅಂತ ಗೊತ್ತಾಗೋದು ರಸ್ತೆಯ ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗ. ಇನ್ನೊಂದು ಗುರುತು ಅಂದರೆ, ಮೇಲೆ ಐರಿಷ್ ಕೆಳಗೆ ಇಂಗ್ಲಿಷ್ ಅಂತಿದ್ದ ಫಲಕಗಳಲ್ಲಿ ಐರಿಷ್ ಕಾಣೆಯಾಗುತ್ತದೆ. (ಇದನ್ನು ಗಮನಿಸದ ಕನ್ನಡಿಗನನ್ನು ನಮ್ಮ ಬಳಗಕ್ಕೆ ಸೇರಿಸಿಕೊಳ್ಳಬೇಡಿ.) ಆದರೆ ಭಾರತದ ಪಾಸ್‌ಪೋರ್ಟಿನವನು ಐರ್ಲೆಂಡಿನಲ್ಲಿ ಕೆಲಸ ಮಾಡಿಕೊಂಡಿದ್ದರೂ ಆ ಬಸ್ಸು ಹತ್ತಲು ಬ್ರಿಟನ್ನಿನ ವೀಸಾ ಬೇಕು. ಗಡಿಯಲ್ಲಿ ಗೇಟಿಲ್ಲ, ಆದರೂ ದಾಟಿದರೆ ಕಾನೂನು ಮುರಿದಂತೆ. ಅಂಥ ದಾಖಲೆ ಒಂದು ಸಲ ಮೈಮೇಲೆ ಬಂದರೆ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಬರೆಯುತ್ತಾ ಇರಬೇಕು.

ನೇಪಾಳದ ಕಡೆಯಿಂದಲೂ ಒಂದು ಸಲ ನೋಡೋಣ, ಯಾಕೆಂದರೆ ಇದು ಎರಡು ಕಡೆಯ ಸವಲತ್ತು. ಬೆಂಗಳೂರಿನಲ್ಲಿ ನನ್ನ ತಂಗಿಯ ಅಪಾರ್ಟ್‌ಮೆಂಟಿನ ಕಾವಲಿನವರು ನೇಪಾಳದವರು. ಊರಿಗೆ ಹೋಗಬೇಕಾದರೆ ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಜೀಪು. ಅವರಿಗೂ ಭಾರತಕ್ಕೆ ಬರಲು ವೀಸಾ ಬೇಡ. 2025ರಲ್ಲಿ ಭಾರತ ಹೊಸ ವಲಸೆ ಕಾಯ್ದೆ ತಂದಾಗಲೂ ನೇಪಾಳ, ಭೂತಾನದ ಪ್ರಜೆಗಳಿಗೆ ಈ ವಿನಾಯಿತಿ ಉಳಿಸಿಕೊಂಡಿತು. ಆದರೆ ಅವರು ಚೀನಾ ಅಥವಾ ಪಾಕಿಸ್ತಾನದ ಕಡೆಯಿಂದ ಬಂದರೆ ವಿನಾಯಿತಿ ಇಲ್ಲ. ಅವರ ಮಗಳು ತಂಗಿಯ ಮಗನ ಜೊತೆ ಸರ್ಕಾರಿ ಶಾಲೆಯ ಬಯಲಲ್ಲಿ ಆಡುತ್ತಾಳೆ, ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ವಲಸೆಯ ಬಗ್ಗೆ ನಮ್ಮ ಬಳಗದಲ್ಲಿ ಬಿಸಿಬಿಸಿ ಚರ್ಚೆ ಆಗೋದು ನನಗೆ ಗೊತ್ತು, ನಾನೂ ಅದರಲ್ಲಿ ಏರುದನಿಯಲ್ಲಿ ಮಾತಾಡಿದವನೇ. ಆ ಮಗುವಿನ ಎದುರು ಆ ದನಿ ಬರಲಿಲ್ಲ. ಇದನ್ನು ಇಲ್ಲಿಗೆ ಬಿಡ್ತೀನಿ, ಬೈಯುವವರು ಊಟದ ಹೊತ್ತಿಗೆ ಬೈಯಿರಿ.

ಓಡಾಟ ಇದ್ದಲ್ಲಿ ತಕರಾರೂ ಇರುತ್ತದೆ. ಪಶುಪತಿನಾಥನ ಭಟ್ಟರ ಕಥೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ಕಡೆಯ ಬ್ರಾಹ್ಮಣರು ಅಲ್ಲಿ ಪೂಜೆ ಮಾಡೋದು ಬಹಳ ಹಳೆಯ ಪದ್ಧತಿ. ಶಂಕರಾಚಾರ್ಯರ ಕಾಲದ್ದು ಅನ್ನುವವರೂ ಇದ್ದಾರೆ, ಮಲ್ಲ ದೊರೆಗಳ ಕಾಲದ್ದು ಅನ್ನುವವರೂ ಇದ್ದಾರೆ. ದೊರೆ ಸತ್ತರೆ ಇಡೀ ನೇಪಾಳಕ್ಕೆ ಸೂತಕ, ಆಗಲೂ ಪೂಜೆ ನಿಲ್ಲದಿರಲಿ ಅಂತ ಹೊರನಾಡಿನವರನ್ನು ಇಟ್ಟರು ಅನ್ನೋದು ಜನ ಕೊಡುವ ಕಾರಣ. ದೊರೆತನ ಹೋಗಿ ಗಣರಾಜ್ಯ ಬಂದದ್ದು 2008ರಲ್ಲಿ. ಆ ವರ್ಷದ ಕೊನೆಗೆ ಮಾವೋವಾದಿಗಳ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿತು. ಗಲಾಟೆಯಾಯಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 2009ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ಹೊಸದಾಗಿ ಹೋದ ಇಬ್ಬರು ಭಟ್ಟರ ಮೇಲೆ ದೇವಸ್ಥಾನದಲ್ಲೇ ಹಲ್ಲೆಯಾಯಿತು. ಅವರ ಕಾಗದಪತ್ರ ಎಲ್ಲ ಸರಿಯಿತ್ತು, ಒಪ್ಪಂದದ ಪ್ರಕಾರ ಅಲ್ಲಿರುವ ಹಕ್ಕೂ ಇತ್ತು. ಅಲ್ಲಿಯ ಯುವಕರ ಸಿಟ್ಟು, ನಮ್ಮ ದೇವರ ಪೂಜೆಗೆ ನಮ್ಮವರು ಯಾಕೆ ಬೇಡ ಅನ್ನೋದು. ಈ ಪ್ರಶ್ನೆಯ ದನಿ ನಮ್ಮ ಕಿವಿಗೆ ಹೊಸದಲ್ಲ, ಬೆಂಗಳೂರಿನಲ್ಲಿ ನಾವೇ ಕೇಳುವ ಪ್ರಶ್ನೆಯ ಹಾಗೇ ಇದೆ. ಈ ಸಲ ಹೊರಗಿನವರು ನಾವು.

ಇನ್ನು ಮಾಡಬೇಕಾದ ಕೆಲಸ. ಊರಲ್ಲಿರುವ ಅಪ್ಪ ಅಮ್ಮನ ಓಟಿನ ಚೀಟಿ ಎಲ್ಲಿದೆ ಅಂತ ಇವತ್ತು ರಾತ್ರಿ ಫೋನಿನಲ್ಲಿ ಕೇಳಿ. ನಮ್ಮ ತಂದೆ ತಾಯಂದಿರು ಹಾಸನ, ಶಿವಮೊಗ್ಗ, ಧಾರವಾಡ ಬಿಟ್ಟು ಬೆಂಗಳೂರಿನಲ್ಲಿ ಮಕ್ಕಳ ಫ್ಲ್ಯಾಟಿಗೆ ಬಂದವರು. ಹೆಸರು ಹಳೆಯ ಊರಿನ ಪಟ್ಟಿಯಲ್ಲಿ, ಚೀಟಿ ಕಳೆದಿರುತ್ತದೆ, ಫೋಟೋ ಗುರುತೇ ಸಿಗದಂತಿರುತ್ತದೆ. ಓಟು ಹಾಕದೆ ಎರಡು ಚುನಾವಣೆ ಕಳೆದಿರುತ್ತವೆ. ವಿಳಾಸ ಬದಲು, ತಿದ್ದುಪಡಿ, ಕಳೆದ ಚೀಟಿಗೆ ಬದಲಿ, ಮೂರಕ್ಕೂ ಈಗ ಒಂದೇ ಅರ್ಜಿ, ನಮೂನೆ 8. ಆನ್‌ಲೈನ್‌ನಲ್ಲೇ ತುಂಬಬಹುದು, ನೀವು ಇಲ್ಲಿ ಕೂತು ಅವರ ಫೋನಿಗೆ ಬರುವ ಸಂಖ್ಯೆ ಕೇಳಿಕೊಂಡು ಮಾಡಿಕೊಡಬಹುದು. 2021ರಿಂದ ಮೊಬೈಲಿಗೆ ಇಳಿಸಿಕೊಳ್ಳುವ ಚೀಟಿಯೂ ಇದೆ, ಆದರೆ ಪ್ರಯಾಣಕ್ಕೆ ಅದನ್ನು ನಂಬಿಕೊಳ್ಳಬೇಡಿ, ಕೈಯಲ್ಲಿ ಹಿಡಿಯುವ ಕಾರ್ಡೇ ಇರಲಿ. 15ರಿಂದ 18ರ ಮಕ್ಕಳಿದ್ದರೆ ಶಾಲೆಯ ಮುಖ್ಯೋಪಾಧ್ಯಾಯರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ಮಾಡಿಸಿ. ನಮ್ಮದೇ ಚೀಟಿಯ ಆಸೆ ಬಿಡಿ. ವಿದೇಶದಲ್ಲಿರುವ ಮತದಾರರಾಗಿ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ಅಂಥವರಿಗೆ ಗುರುತಿನ ಚೀಟಿ ಕೊಡುವುದಿಲ್ಲ. ಓಟು ಹಾಕೋದೂ ಊರಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿಯೇ.

ನಮ್ಮಮ್ಮನ ಚೀಟಿ ಕೊನೆಗೂ ಬಂತು. ನಡುವೆ 2020ರ ಮಾರ್ಚ್‌ನಲ್ಲಿ ಗಡಿಯೇ ಮುಚ್ಚಿತು, ಆಮೇಲೆ ಅಪ್ಪನ ಮಂಡಿ ಆಪರೇಷನ್ನು. ಹೊರಟದ್ದು 2023ರಲ್ಲಿ. ಈ ಸಲ ನಾನು ಬೆಂಗಳೂರಿಗೆ ಹೋಗಿ ಅವರ ಜೊತೆಗೇ ಹೊರಟೆ, ಒಂದು ಫೈಲು ತುಂಬ ಕಾಗದ. ದೆಹಲಿಯ ಕೌಂಟರಿನಲ್ಲಿ ಅಮ್ಮ ಹೊಸ ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಅಲ್ಲಿದ್ದವನು ಅದನ್ನೂ ನೋಡಿದ, ಹುಟ್ಟಿದ ದಿನವನ್ನೂ ನೋಡಿದ. "ಮಾತಾಜಿ, ನಿಮಗೆ 66. ಆಧಾರ್ ಕೊಟ್ಟಿದ್ದರೂ ನಡೀತಿತ್ತು" ಅಂದ. ಅಮ್ಮ ನನ್ನ ಮುಖ ನೋಡಿದರು. ನಾನು ಸೂಟ್‌ಕೇಸಿನ ತೂಕ ನೋಡುತ್ತಾ ನಿಂತೆ.

ಕೊನೆಗೆ ನನ್ನ ವಿಷಯ. 2024ರ ಜೂನ್ 27ರಿಂದ ಜರ್ಮನಿ ತನ್ನ ಪೌರತ್ವ ಪಡೆಯುವವರು ಹಳೆಯದನ್ನು ಬಿಡಬೇಕಾಗಿಲ್ಲ ಅಂದಿದೆ, ಐದು ವರ್ಷದ ವಾಸ ಸಾಕು ಅಂತಲೂ ಮಾಡಿದೆ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಆ ಅರ್ಜಿ ತುಂಬಿದ್ದು ಇದೆ, ಕಳಿಸಿಲ್ಲ, ಅಡುಗೆಮನೆಯ ಡ್ರಾದಲ್ಲಿದೆ. ಅದರ ಪರ ವಿರೋಧ ನಿಮಗೆಲ್ಲ ಗೊತ್ತಿರೋದೇ, ಹೇಳಲ್ಲ. ಅಮ್ಮ ಈಗ ಮುಕ್ತಿನಾಥಕ್ಕೂ ಹೋಗಬೇಕು ಅಂತಿದ್ದಾರೆ. ಆ ಅರ್ಜಿ ಕಳಿಸಿದರೆ ಮುಂದಿನ ಸಲ ಕಠ್ಮಂಡುವಿನಲ್ಲಿ ಅಮ್ಮ ಅಪ್ಪ ಒಂದು ಸಾಲಿನಲ್ಲಿ ಹೊರಗೆ ಹೋಗುತ್ತಾರೆ, ನಾನು 30 ಡಾಲರ್ ಹಿಡಿದು ಇನ್ನೊಂದು ಸಾಲಿನಲ್ಲಿ ನಿಂತಿರುತ್ತೇನೆ.

ಪ್ರಶ್ನೆಗಳಿದ್ದರೆ ಕೇಳಿ. ನಮೂನೆ 8 ತುಂಬೋಕೆ ಸಹಾಯ ಬೇಕಾದವರು ಊಟ ಆದ ಮೇಲೆ ಕಿಟಕಿ ಹತ್ತಿರದ ಮೇಜಿಗೆ ಬನ್ನಿ, ಲ್ಯಾಪ್‌ಟಾಪ್ ತಂದಿದ್ದೇನೆ.